ಕರಿದೊರೆಯ ಕೈವರಸೆ

ಮನುಷ್ಯನೊಬ್ಬ ಕೆಟ್ಟುಹೋದಾಗ ಅವನ ಹತ್ತಿರದವರು ಮಾಡುವ ಮೊದಲ ಕೆಲಸವೆಂದರೆ ಅವನನ್ನು ಎರಡು ಮಾಡುವುದು. ಕೆಟ್ಟವನು ಒಬ್ಬ, ನಮ್ಮವನು ಇನ್ನೊಬ್ಬ. ಕುಡಿದು ಬಂದು ಹೆಂಡತಿಗೆ ಹೊಡೆಯುವವನ ವಿಷಯ ವಿಚಾರಿಸಿ ನೋಡಿ, ಕುಡಿಯದೆ ಇದ್ದಾಗ ಅವನು ದೇವರಂಥವನೆಂದು ಬೀದಿಯೇ ಸಾಕ್ಷಿ ಹೇಳುತ್ತದೆ. ಸೊಸೆಯ ಒಡವೆಯನ್ನು ಸ್ವಂತ ಮಗಳ ಮದುವೆಗೆ ಎತ್ತಿಕೊಟ್ಟ ಅತ್ತೆಯ ಮಾತೆತ್ತಿದರೆ, ಅದನ್ನು ಮಾಡಿದ್ದು ಆಕೆಯಲ್ಲ, ಸಂದರ್ಭ. ಈ ಏರ್ಪಾಡಿನಲ್ಲಿ ದೊಡ್ಡ ಅನುಕೂಲವೊಂದಿದೆ. ದಂಡಿಸಬೇಕೆಂದು ಹೊರಟಾಗ ಕೆಟ್ಟವನು ಎಂದೂ ಮನೆಯಲ್ಲಿ ಇರುವುದಿಲ್ಲ; ಊಟಕ್ಕೆ ಎಲೆ ಹಾಕಿದಾಗ ಒಳ್ಳೆಯವನು ತಪ್ಪದೆ ಹಾಜರಿರುತ್ತಾನೆ. ನಾನು ಬಹುಕಾಲ ಈ ಏರ್ಪಾಡಿನ ವಿರೋಧಿಯಾಗಿದ್ದೆ. ಈಗಲೂ ವಿರೋಧಿಯೇ. ಆದರೂ ಹೋದ ಗೌರಿ ಹಬ್ಬದ ದಿನ ನಮ್ಮ ವಿಜಯನಗರದ ಮನೆಯಲ್ಲಿ ನಡೆದದ್ದನ್ನು ಹೇಳದೆ ಹೀಗೆ ಘೋಷಿಸಿಕೊಳ್ಳುವುದು ಪ್ರಾಮಾಣಿಕವಾಗಲಾರದು.

ಮೊದಲು ನನ್ನ ಪರಿಚಯ. ಪ್ರೌಢಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುವವಳು. ನಮ್ಮ ಬಡಾವಣೆಯ ಹಿತರಕ್ಷಣಾ ಸಮಿತಿಯ ಕಾರ್ಯದರ್ಶಿ. ಸಮಿತಿಗೆ ಅಧ್ಯಕ್ಷರಿದ್ದಾರೆ, ಸಭೆಗೆ ಬರುವುದಿಲ್ಲ. ಸದಸ್ಯರಿದ್ದಾರೆ, ಸಹಿಗೆ ಸಿಗುವುದಿಲ್ಲ. ಆದ್ದರಿಂದ ಬಡಾವಣೆಯ ಹಿತವೆಲ್ಲ ನನ್ನೊಬ್ಬಳ ತಲೆಯ ಮೇಲೆ ಬಂದು, ಅಲ್ಲಿಂದ ನನ್ನ ಗಂಡನ ತಲೆಯ ಮೇಲೆ ಇಳಿಯುತ್ತದೆ. ಹಾಲಿನ ಬೂತಿನಲ್ಲಿ ಸಾಲು ಮುರಿದವರು, ಚಿಲ್ಲರೆ ಕೊಡದ ಕಂಡಕ್ಟರುಗಳು, ಗಣಪತಿಯ ಹೆಸರಿನಲ್ಲಿ ಧ್ವನಿವರ್ಧಕ ಕಟ್ಟಿ ಪರೀಕ್ಷೆಗೆ ಓದುವ ಮಕ್ಕಳನ್ನು ಕಾಡುವ ಮಂಡಳಿಗಳು, ಇವರಾರೂ ನನ್ನನ್ನು ಮರೆತಿರಲಾರರು. ಮದುವೆಮನೆಯೊಂದರಲ್ಲಿ ವರದಕ್ಷಿಣೆಯ ಕಾನೂನನ್ನು ನಾನು ವಿವರಿಸಿದ ಮೇಲೆ ಬಂಧುಗಳು ನಮ್ಮನ್ನು ಆರತಕ್ಷತೆಗೆ ಮಾತ್ರ ಕರೆಯುತ್ತಾರೆ, ಅದೂ ಊಟ ಶುರುವಾದ ಮೇಲೆ ತಲುಪುವಂಥ ಹೊತ್ತು ಹೇಳಿ. ನನ್ನ ಗಂಡ ಸತ್ಯಮೂರ್ತಿ ಬ್ಯಾಂಕಿನಲ್ಲಿ ಗುಮಾಸ್ತರು. ನನ್ನ ಹೋರಾಟಗಳಿಗೆಲ್ಲ ಅವರ ಸಂಪೂರ್ಣ ಬೆಂಬಲವಿದೆ. ಆ ಬೆಂಬಲವನ್ನು ಅವರು ಮನೆಯಿಂದ ಹೊರಗೆ ಹೋಗಿ ನೀಡುತ್ತಾರೆ.

ಈ ಸ್ವಭಾವವನ್ನು ನಾನು ಒಬ್ಬಳೇ ಬೆಳೆಸಿಕೊಂಡವಳಲ್ಲ. ನನಗೊಬ್ಬ ತಮ್ಮನಿದ್ದಾನೆ, ಮೋಹನ. ನಾವಿಬ್ಬರೂ ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ, ಪ್ರಾರ್ಥನೆಯ ಬದಲು ದಿನಪತ್ರಿಕೆಯ ಚರ್ಚೆಯಿತ್ತು, ಜಾತಿ ಕೇಳಿದರೆ ಹೇಳಬಾರದೆಂಬ ನಿಯಮವಿತ್ತು. ಅಲ್ಲಿಂದ ಹೊರಬಂದ ನಾವು ಊರಿನಲ್ಲಿ ಕಂಡ ಅನ್ಯಾಯಗಳಿಗೆಲ್ಲ ಹೆಸರಿಡುತ್ತ ನಡೆದೆವು. ಫಲಕಗಳಿಗೆ ವಾಕ್ಯ ನನ್ನದು, ಬಣ್ಣ ಅವನದು. ಅರ್ಜಿಯನ್ನು ಬರೆಯುವುದಕ್ಕೆ ಮುಂಚೆ ಎದುರಾಳಿ ಕೊಡಬಹುದಾದ ಉತ್ತರವನ್ನು ಬರೆದುನೋಡಬೇಕೆಂದು ನಾನು ಅವನಿಗೆ ಕಲಿಸಿದ್ದೆ. ಎಂಜಿನಿಯರಿಂಗ್ ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ದಿನಗಳಲ್ಲಿ ಅವನು ನಮ್ಮ ಮನೆಯಲ್ಲಿಯೇ ಹೆಚ್ಚು ಇರುತ್ತಿದ್ದ. ಮುನಿಯಪ್ಪನ ಪ್ರಸಂಗ ನಡೆದದ್ದು ಆಗಲೇ.

ನಮ್ಮ ರಸ್ತೆಯ ಕೊನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವೊಂದಿದೆ. ನಕ್ಷೆಯಲ್ಲಿ ಅದು ಹಸಿರು ಬಣ್ಣ. ನೆಲದ ಮೇಲೆ ಪಾರ್ಥೇನಿಯಂ. ಅದರ ಮೂಲೆಯ ಹೊಂಗೆಮರದ ಕೆಳಗೆ ಮುನಿಯಪ್ಪ ಮತ್ತು ಅವನ ಹೆಂಡತಿ ತಗಡಿನ ಪೆಟ್ಟಿಗೆಯೊಂದನ್ನು ನಿಲ್ಲಿಸಿಕೊಂಡು, ಇಡೀ ಬಡಾವಣೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ಒಂದು ಬೆಳಿಗ್ಗೆ ಬಡಾವಣೆಯ ಜಾಗಗಳನ್ನು ನೋಡಿಕೊಳ್ಳುವ ಕಚೇರಿಯವರು ಲಾರಿ ತಂದು, ಇದು ಅನಧಿಕೃತ ಕಟ್ಟಡ, ನಾಳೆ ಕೆಡವುತ್ತೇವೆ ಎಂದು ಹೇಳಿಹೋದರು. ಮುನಿಯಪ್ಪನ ಹೆಂಡತಿ ನಮ್ಮ ಮೆಟ್ಟಿಲ ಮೇಲೆ ಕುಳಿತು ಅತ್ತಳು. ನಾನು ರಾತ್ರಿಯ ಅಡಿಗೆ ಮಾಡುತ್ತ ಯೋಚಿಸಿ, ಮೋಹನನನ್ನು ಕೇಳಿದೆ: ಕೆಳಗೆ ಚಕ್ರವಿದ್ದರೆ ಅದು ಕಟ್ಟಡ ಹೇಗಾದೀತು? ಅವನು ಊಟಕ್ಕೂ ಕಾಯದೆ ಮಾಗಡಿ ರಸ್ತೆಯ ಗುಜರಿ ಅಂಗಡಿಗೆ ಓಡಿ, ಯಾವುದೋ ಸತ್ತ ಗಾಡಿಯ ನಾಲ್ಕು ಕಬ್ಬಿಣದ ಚಕ್ರಗಳನ್ನು ತಂದು, ಪೆಟ್ಟಿಗೆಯ ಅಡಿಗೆ ಕೂಡಿಸಿಬಿಟ್ಟ. ಮರುದಿನ ಲಾರಿಯವರು ಬಂದಾಗ ಅಲ್ಲಿ ಕಟ್ಟಡವಿರಲಿಲ್ಲ, ತಳ್ಳುಗಾಡಿಯಿತ್ತು. ತಳ್ಳುಗಾಡಿಗೆ ಕಟ್ಟಡದ ಕಾನೂನು ಅನ್ವಯಿಸುವುದಿಲ್ಲವೆಂದು ಮೋಹನ ನಿಯಮದ ಪ್ರಕಾರ ವಾದಿಸಿದ. ಅವರು ತಲೆ ಕೆರೆದುಕೊಂಡು ಹೊರಟುಹೋದರು. ಈ ಕಥೆಯನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೆಂದರೆ, ನಾನು ಎದ್ದು ನಿಂತ ಕೂಡಲೇ ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು "ಚಕ್ರ ಬಂತು" ಎಂದು ಪಿಸುಗುಟ್ಟುತ್ತಾರೆ.

ಆಮೇಲೆ ಮೋಹನನಿಗೆ ಕೆಲಸ ಸಿಕ್ಕಿತು. ಬಡಾವಣೆಗಳ ರಸ್ತೆ, ಚರಂಡಿ, ಉದ್ಯಾನಗಳನ್ನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಎಂಜಿನಿಯರ್. ನಾವು ಹೊರಗಿನಿಂದ ಕೂಗುತ್ತಿದ್ದುದನ್ನು ಇನ್ನು ಒಳಗಿನಿಂದಲೇ ಸರಿಮಾಡಬಹುದೆಂದು ನಾನು ಒಬ್ಬಟ್ಟು ಮಾಡಿದೆ. ಒಳಗಿನಿಂದ ಏನೇನು ಸರಿಯಾಯಿತೆಂಬುದು ಮೊದಮೊದಲು ನನಗೆ ತಿಳಿಯಲಿಲ್ಲ. ಅವನ ಬೈಸಿಕಲ್ಲು ಸ್ಕೂಟರಾಯಿತು, ಸ್ಕೂಟರು ಕಾರಾಯಿತು. ಕೆಂಗೇರಿ ಉಪನಗರದಲ್ಲಿ ಮನೆ ಎದ್ದಿತು. ಮನೆಯ ಮೇಲೆ ಮಹಡಿ ಎದ್ದಿತು. ಸಂಬಳದಿಂದ ಮಹಡಿ ಏಳುವುದಿಲ್ಲ. ಅದಕ್ಕೆ ಲಂಚವೆಂದು ಹೆಸರು, ಮತ್ತು ನಾನು ಆ ಹೆಸರನ್ನು ಗೃಹಪ್ರವೇಶದ ದಿನವೇ ಹೇಳಿದೆ. ಪುರೋಹಿತರು ಮಂತ್ರವನ್ನು ಸ್ವಲ್ಪ ಏರಿಸಿ ಹೇಳಿದರು.

ಅಮ್ಮ ಮೋಹನನ ಜೊತೆಯಲ್ಲಿಯೇ ಇರುವುದು. ಅವನನ್ನು ಎರಡು ಮಾಡಿದವಳು ಅವಳೇ. ನಾನು ಕೋಪ ಮಾಡಿಕೊಂಡಾಗಲೆಲ್ಲ ಅವಳು ತನ್ನ ಊರಿನ ಉದಾಹರಣೆ ಕೊಡುತ್ತಿದ್ದಳು. "ಅಮ್ಮನೋರು ಮೈಮೇಲೆ ಬಂದಾಗ ಹೆಂಗಸು ಆಡಿದ ಮಾತಿಗೆ ಆಮೇಲೆ ಅವಳನ್ನ ಬಯ್ತಾರೇನೇ? ಅಂಗೇ ಇದೂ. ಆಫೀಸಲ್ಲಿ ಆ ಕುರ್ಚಿ ಮೈಮೇಲೆ ಬರತ್ತೆ. ಮನೆಗ್ ಬಂದ್ಮೇಲೆ ಅವನು ನಮ್ಮ ಮೋಹನನೇ ಕಣೇ." ಮೈಮೇಲೆ ಬರುವುದನ್ನು ನಾನು ನಂಬುವವಳಲ್ಲ, ಅದರ ವಿರುದ್ಧ ಶಾಲೆಯಲ್ಲಿ ಪ್ರಯೋಗಸಹಿತ ಭಾಷಣ ಮಾಡಿದ್ದೇನೆ. ಆದರೆ ವಾದಕ್ಕಾಗಿ ಒಪ್ಪಿಕೊಂಡರೂ ವ್ಯತ್ಯಾಸವಿದೆ. ಊರಿನಲ್ಲಿ ಮೈಮೇಲೆ ಬಂದ ದೇವರು ಇಳಿದ ಮೇಲೆ ಕಾಣಿಕೆ ದೇವರ ಹುಂಡಿಗೆ ಹೋಗುತ್ತದೆ, ಹೆಂಗಸು ಸುಸ್ತಾಗಿ ನೀರು ಕೇಳುತ್ತಾಳೆ. ಮೋಹನನ ಮೈಮೇಲೆ ಬಂದದ್ದು ಇಳಿದ ಮೇಲೆ ಕಾಣಿಕೆ ಕೆಂಗೇರಿಗೆ ಹೋಗುತ್ತಿತ್ತು.

ಹೀಗಿರುವಾಗ ಉದ್ಯಾನದ ಜಾಗದಲ್ಲಿ, ಮುನಿಯಪ್ಪನ ಮರದಿಂದ ಸ್ವಲ್ಪ ಆಚೆ, ತಗಡಿನ ದೊಡ್ಡ ಶೆಡ್ಡೊಂದು ಎದ್ದಿತು. ನಾನು ಶಾಲೆಯ ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ. ಕಣ್ಣೆತ್ತಿ ನೋಡುವಷ್ಟರಲ್ಲಿ ಅದಕ್ಕೆ ವಿದ್ಯುತ್ತೂ ಬಂದಿತ್ತು, "ವಿಡಿಯೋ ಗೇಮ್ಸ್" ಎಂಬ ಫಲಕವೂ ಬಂದಿತ್ತು. ಸುತ್ತ ಕೆಳಭಾಗಕ್ಕೆ ಲಂಗದಂತೆ ಬಣ್ಣದ ತಗಡು ಹೊಡೆದಿದ್ದರು. ಒಳಗಿನಿಂದ ಕತ್ತಿ ಕತ್ತಿಗೆ ತಾಗಿದ ಸದ್ದು, ಯಾರೋ ಸತ್ತ ಸದ್ದು, ಮತ್ತೆ ನಾಣ್ಯ ಬಿದ್ದ ಸದ್ದು. ಸಾರ್ವಜನಿಕ ಸ್ಥಳದ ಒತ್ತುವರಿ, ಹಿಂಸೆಯ ವೈಭವೀಕರಣ, ಶಾಲಾ ಮಕ್ಕಳ ದಾರಿ ತಪ್ಪಿಸುವಿಕೆ ಎಂದು ತಪ್ಪುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ನಾನು ಒಂದು ಸಂಜೆ ಒಳಗೆ ನುಗ್ಗಿದೆ. ಶಾಲಾ ಮಕ್ಕಳು ಯಾರೂ ಇರಲಿಲ್ಲ. ಬೀರುವಿನಂಥ ಯಂತ್ರವೊಂದರ ಮುಂದೆ, ಕರಿಬೇವು ತರಲು ಹೋಗಿದ್ದ ನನ್ನ ಗಂಡ ಬೆವರುತ್ತ ನಿಂತಿದ್ದರು. ಕರಿಬೇವು ಯಂತ್ರದ ತಲೆಯ ಮೇಲಿತ್ತು, ಬಾಡಿತ್ತು.

ಆ ಕ್ಷಣದಲ್ಲಿ ನಾನು ಏನು ಹೇಳಿದೆನೆಂಬುದು ಇಲ್ಲಿ ಬೇಡ. ಅವರು ಮಾತ್ರ ತಿರುಗಿ ನೋಡದೆ, "ಒಂದು ನಿಮಿಷ ಕಣೇ, ಕರಿದೊರೆ ಬಂದಿದಾನೆ" ಎಂದರು. ಶೆಡ್ಡಿನ ಒಡೆಯ ನಾಗೇಶ ಕಾಮಾಕ್ಷಿಪಾಳ್ಯದವನು, ಮೂವತ್ತರ ಆಸುಪಾಸು, ಬಾಯಿ ತುಂಬ ಮಾತು. ಬೈಯಲು ಬಂದವರಿಗೂ ಕುರ್ಚಿ ಹಾಕುವ ಜಾತಿ. ಕುರ್ಚಿ ಹಾಕಿ, ನಾನು ಕೇಳದೆ ಇದ್ದರೂ ಆಟದ ಕಥೆ ಹೇಳಿದ. ಒಂದು ಕೋಟೆ. ಅದನ್ನು ಕಾಯುವ ನಿಷ್ಠಾವಂತ ದಳಪತಿ. ರಾಕ್ಷಸರ ದಂಡು ಮುತ್ತಿದಾಗ ಊರಿನ ಹಿರಿಯರೇ ನೆಲಮಾಳಿಗೆಯಿಂದ ಕಪ್ಪು ಕಿರೀಟವೊಂದನ್ನು ತಂದು ಅವನ ತಲೆಗೆ ಇಡುತ್ತಾರೆ. ಇಟ್ಟುಕೊಂಡವನಿಗೆ ಅಪಾರ ಬಲ. ಅವನು ರಾಕ್ಷಸರನ್ನು ಸೋಲಿಸುತ್ತಾನೆ. ಆದರೆ ಕಿರೀಟ ತಲೆಯಿಂದ ಇಳಿಯುವುದಿಲ್ಲ. ಕಾಯ್ದ ಊರನ್ನೇ ಅವನು ಸುಡತೊಡಗುತ್ತಾನೆ, ಕರಿದೊರೆಯಾಗುತ್ತಾನೆ. ನಾಣ್ಯ ಹಾಕಿದವನು ಅವನ ಶಿಷ್ಯ. ಒಂದೊಂದೇ ಅಂತಸ್ತು ಹತ್ತಿ ಹೋಗಿ, ಕಡೆಯ ಅಂತಸ್ತಿನಲ್ಲಿ ಗುರುವನ್ನೇ ಎದುರಿಸಬೇಕು. ಗೆದ್ದರೆ ಕಿರೀಟ ಒಡೆಯುತ್ತದೆ, ಕಪ್ಪು ದೇಹ ಕರಗುತ್ತದೆ, ಒಳಗಿನಿಂದ ಹಳೆಯ ದಳಪತಿ ಕಣ್ಣುಜ್ಜಿಕೊಂಡು ಏಳುತ್ತಾನೆ. ಜನ ಅವನ ಮೇಲೆ ಹೂವು ಹಾಕುತ್ತಾರೆ.

"ಊರು ಸುಟ್ಟದ್ದಕ್ಕೆ ಶಿಕ್ಷೆ?" ಎಂದು ನಾನು ಕೇಳಿದೆ.

"ಅವನಿಗ್ಯಾಕೆ ಮೇಡಂ ಶಿಕ್ಷೆ?" ಎಂದ ನಾಗೇಶ, ನಿಜವಾದ ಆಶ್ಚರ್ಯದಿಂದ. "ದಳಪತಿ ಬೇರೆ, ಕರಿದೊರೆ ಬೇರೆ. ಕಲರ್ ಬೇರೆ, ಲೈಫ್ ಬೇರೆ. ಕಿರೀಟದೊಳಗೆ ಒಂದು ಪಿಶಾಚಿ ಐತೆ, ಎಲ್ಲಾ ಮಾಡೋದು ಅದು. ಈವಯ್ಯ ಪಾಪ ಒಳಗೆ ನಿದ್ದೆ ಹೊಡೀತಾ ಇರ್ತಾನೆ."

ನನಗೆ ಮೈ ಉರಿಯಿತು. ಯಾವುದೋ ದೇಶದಲ್ಲಿ ಯಾರೋ ಕಟ್ಟಿದ ಕಥೆ ಸಮುದ್ರ ದಾಟಿ, ಪಾರ್ಥೇನಿಯಂ ದಾಟಿ ಬಂದು ನನ್ನ ಅಮ್ಮನ ಮಾತನ್ನೇ ಆಡುತ್ತಿತ್ತು. ಕಳಂಕವೆಂಬುದು ಹೊರಗಿನಿಂದ ಬಂದು ಕುಳಿತ ಬಾಡಿಗೆದಾರನಂತೆ. ಖಾಲಿ ಮಾಡಿಸಿದರೆ ಮನೆ ಮೊದಲಿನ ಹಾಗೆ ಶುದ್ಧವಂತೆ. ಇದನ್ನು ಖಂಡಿಸಲು ನಾನು ಬಾಯಿ ತೆರೆಯುವ ಮೊದಲೇ, ನನ್ನ ಮದುವೆಯಾದಾಗಿನಿಂದ ಯಾವ ಚರ್ಚೆಯಲ್ಲಿಯೂ ಪಕ್ಷ ವಹಿಸದ ನನ್ನ ಗಂಡ ಯಂತ್ರದ ಹಿಡಿಯನ್ನು ಬಿಟ್ಟು ಈ ಕಡೆ ತಿರುಗಿದರು.

"ಇಲ್ಲ ನಾಗೇಶ, ಇಬ್ರೂ ಒಬ್ಬನೇ" ಎಂದರು. "ಮೊದಲನೇ ಅಂತಸ್ತಲ್ಲಿ ದಳಪತಿ ನಮಗೆ ಕತ್ತಿವರಸೆ ಹೇಳಿಕೊಡ್ತಾನಲ್ಲ, ನೋಡಿದೀಯಾ? ಒಂದು ಹೆಜ್ಜೆ ಹಿಂದಕ್ಕಿಡ್ತಾನೆ, ಎಡಕ್ಕೆ ವಾಲ್ತಾನೆ, ಆಮೇಲೆ ಕೆಳಗಿಂದ ಹೊಡೀತಾನೆ. ಕರಿದೊರೆ ಹೊಡೆಯೋದೂ ಹಾಗೇನೆ. ಪಿಶಾಚಿ ಅಂತೀಯಲ್ಲ, ಪಿಶಾಚಿಗೆ ಆ ಪಟ್ಟು ಯಾರಯ್ಯ ಹೇಳಿಕೊಟ್ಟಿದ್ದು?"

ನಾಗೇಶ ಬಗ್ಗಿ ಯಂತ್ರದ ಪರದೆಯನ್ನು ನೋಡಿದ. ನನಗೆ ಗಂಡನ ಮೇಲೆ ಹೊಸ ಗೌರವ ಹುಟ್ಟಿತು. ಅದನ್ನು ತೋರಿಸಿಕೊಳ್ಳದಂತೆ ಕರಿಬೇವನ್ನು ಕೈಗೆತ್ತಿಕೊಂಡೆ. ಬಣ್ಣ ಬದಲಾಗಬಹುದು, ಹೆಸರು ಬದಲಾಗಬಹುದು, ಕಲಿತ ವಿದ್ಯೆ ಕೈಯಲ್ಲಿಯೇ ಉಳಿಯುತ್ತದೆ. ಕೆಟ್ಟವನನ್ನು ಗುರುತಿಸಬೇಕಾದರೆ ಮುಖ ನೋಡಬಾರದು, ಕೈ ನೋಡಬೇಕು. ಅಮ್ಮನಿಗೆ ಹೇಳಲು ಎಂಥ ಮಾತು ಸಿಕ್ಕಿತೆಂದು ನಾನು ಸಂತೋಷಪಡುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡ ಇನ್ನೊಂದು ಆಟಕ್ಕೆಂದು ಜೇಬಿನಿಂದ ತೆಗೆದ ನಾಣ್ಯ ನನ್ನ ಕಣ್ಣು ತಮ್ಮ ಕೈಯ ಮೇಲಿದ್ದುದನ್ನು ಕಂಡ ಗಾಬರಿಯಲ್ಲಿ ಜಾರಿ, ಹಲಗೆಯ ನೆಲದ ಮೇಲೆ ಉರುಳಿ, ಬಾಗಿಲ ಬಳಿಯ ಸಂದಿಯಿಂದ ಕೆಳಗೆ ಬಿದ್ದುಹೋಯಿತು. ಹಣ ಪೋಲಾಗುವುದನ್ನು ನಾನು ಸಹಿಸುವವಳಲ್ಲ. ಹೊರಗೆ ಹೋಗಿ, ಆ ಬಣ್ಣದ ತಗಡಿನ ಲಂಗವನ್ನು ಒಂದು ಕಡೆ ಎತ್ತಿ ಬಗ್ಗಿ ನೋಡಿದೆ.

ಕೆಳಗೆ ಕಬ್ಬಿಣದ ಚಕ್ರಗಳಿದ್ದವು. ನಾಲ್ಕು ಮೂಲೆಗೆ ನಾಲ್ಕು. ನೆಲಕ್ಕೆ ತಾಗಿರಲಿಲ್ಲ, ಪಕ್ಕದಲ್ಲಿ ಜೋಡಿಸಿದ ಇಟ್ಟಿಗೆಗಳ ಮೇಲೆ ಶೆಡ್ಡು ನಿಶ್ಚಿಂತೆಯಾಗಿ ಕುಳಿತಿತ್ತು, ಚಕ್ರಗಳು ಗೋಡೆಗೆ ತೂಗುಹಾಕಿದ ಪಟದಂತೆ ಸುಮ್ಮನೆ ತೂಗುತ್ತಿದ್ದವು. ನಾನು ಬಗ್ಗಿದವಳು ಹಾಗೆಯೇ ಇದ್ದೆ. ಒಂದು ಹೆಜ್ಜೆ ಹಿಂದಕ್ಕೆ, ಎಡಕ್ಕೆ ವಾಲಿ, ಕೆಳಗಿನಿಂದ. ಚಕ್ರದ ಈ ಪಟ್ಟಿನ ಕಥೆ ಕೇಳಿದವರು ಬೇಕಾದಷ್ಟು ಜನ, ಅದನ್ನು ಹಾಕಬಲ್ಲವರು ಊರಿನಲ್ಲಿ ಇಬ್ಬರೇ. ಆಟದಲ್ಲಿ ಕರಿದೊರೆಯೇ ಗುರು. ನಮ್ಮ ಮನೆಯಲ್ಲಿ ಗುರುವಿನ ಸ್ಥಾನದಲ್ಲಿದ್ದವಳು ನಾನು. "ಪರ್ಮಿಶನ್ ಎಲ್ಲಾ ಪಕ್ಕಾ ಐತೆ ಮೇಡಂ" ಎಂದು ನಾಗೇಶ ಬಾಗಿಲಲ್ಲಿ ನಿಂತು ವಿನಯದಿಂದ ಹೇಳಿದ. "ಇದು ಗಾಡಿ ಲೆಕ್ಕ. ನಿಮ್ಮ ತಮ್ಮನೋರೇ ಐಡಿಯಾ ಕೊಟ್ಟಿದ್ದು. ನಿಮಗೆ ಹೇಳಿಲ್ವಾ?"

ಗೌರಿ ಹಬ್ಬ ಹತ್ತಿರ ಬಂದಿತ್ತು. ಪ್ರತಿ ವರ್ಷ ಆ ದಿನ ಮೋಹನ ತವರಿನ ಬಾಗಿನ ತರುತ್ತಾನೆ: ಮೊರದ ತುಂಬ ಧಾನ್ಯ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಒಂದು ರವಿಕೆ ಕಣ. ಬಾಗಿನವೆಂಬುದು ಹೆಂಗಸನ್ನು ಮುತ್ತೈದೆತನಕ್ಕೆ ಕಟ್ಟಿಹಾಕುವ ಹಗ್ಗವೆಂದು ನಾನು ಲೇಖನ ಬರೆದಿದ್ದೇನೆ. ಆದರೆ ತವರಿನಿಂದ ಬಂದ ಮೊರವನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದರೆ ತವರು ಮುಗಿಯಿತೆಂದೇ ನಮ್ಮ ಕಡೆ ಅರ್ಥ. ಆಮೇಲೆ ಹೋಗಿಬರುವ ದಾರಿ ಇರುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ನನಗೆ ತವರೆಂದರೆ ಮೋಹನನೇ. ಈ ವರ್ಷ ಮೊರವನ್ನು ಹಿಂದಕ್ಕೆ ಕಳಿಸುವುದೆಂದು ನಿರ್ಧರಿಸಿದೆ. ಆ ನಿರ್ಧಾರದ ಜೊತೆಗೆ, ನನ್ನ ಜೀವನದ ಅತ್ಯುತ್ತಮ ಅರ್ಜಿಯನ್ನೂ ಬರೆದೆ. ಉರುಳದ ಚಕ್ರ ಚಕ್ರವಲ್ಲ. ಇಟ್ಟಿಗೆಯ ಮೇಲೆ ನಿಂತದ್ದು ಗಾಡಿಯಲ್ಲ. ನಿಂತಲ್ಲಿಯೇ ವ್ಯಾಪಾರ ಮಾಡುವ ತಗಡಿನ ಪೆಟ್ಟಿಗೆಯನ್ನು ಕಟ್ಟಡವೆಂದು ಘೋಷಿಸಿ ಉದ್ಯಾನದಿಂದ ತೆಗೆಸತಕ್ಕದ್ದು.

ಹಬ್ಬದ ಬೆಳಿಗ್ಗೆ ಕಾರು ಬಂದಿತು. ಮೊದಲು ಅಮ್ಮ ಇಳಿದಳು, ಆಮೇಲೆ ಮೊರ ಹಿಡಿದ ಮೋಹನ. ನಾನು ಹೊಸ್ತಿಲ ಒಳಗೇ ನಿಂತು ಕೇಳಿದೆ: "ಈ ಬಾಗಿನ ತಂದಿರೋನು ಯಾವ ಮೋಹನ?"

"ಹಬ್ಬದ ದಿನ ಶುರು ಮಾಡ್ಬೇಡ ಕಣೇ" ಎಂದಳು ಅಮ್ಮ.

ಮೋಹನನಿಗೆ ಬೇಸರವಾದಂತೆ ಕಾಣಲಿಲ್ಲ. ಶೆಡ್ಡಿನ ಕೆಳಗೆ ನಾನು ಬಗ್ಗಿ ನೋಡಿದ ಸುದ್ದಿ ನಾಗೇಶನಿಂದ ಅವನಿಗೆ ತಲುಪಿತ್ತು. ಮೊರವನ್ನು ಜಗಲಿಯ ಮೇಲಿಟ್ಟು, ಅರ್ಜಿ ಬರೆದಿರಬೇಕಲ್ಲ, ಓದು ಎಂದ. ನಿಂತೇ ಓದಿದೆ. ಅವನು ಕಾಲೇಜಿನ ದಿನಗಳಲ್ಲಿ ಕೇಳುತ್ತಿದ್ದಂತೆಯೇ ಕೇಳಿದ. ಒಳ್ಳೆಯ ವಾಕ್ಯ ಬಂದಲ್ಲಿ ತಲೆದೂಗಿದ. ಆ ತಲೆದೂಗಾಟವೇ ನನ್ನನ್ನು ಹೆಚ್ಚು ಹಿಂಸಿಸಿತು. ಬೇರೆಯವನಾಗಿದ್ದರೆ ಅವನಿಗೆ ಆ ವಾಕ್ಯಗಳು ಅರ್ಥವಾಗಬಾರದಿತ್ತು.

"ಚೆನ್ನಾಗಿ ಬರ್ದಿದೀಯ ಅಕ್ಕ" ಎಂದ. "ಕೊಡು. ನೀನು ಕೊಟ್ರೆ ನಾನೇ ಮುಂದೆ ನಿಂತು ತೆಗೆಸಬೇಕಾಗತ್ತೆ. ತೆಗೆಸ್ತೀನಿ. ಆದರೆ ಮುನಿಯಪ್ಪನ ಪೆಟ್ಟಿಗೆ ಮೊದಲು ಹೋಗತ್ತೆ. ಅವನ ಚಕ್ರ ಉರುಳಿ ಎಷ್ಟು ವರ್ಷ ಆಯ್ತು ಹೇಳು?"

ಜಗಲಿಯಿಂದ ನೋಡಿದರೆ ಹೊಂಗೆಮರ ಕಾಣುತ್ತದೆ. ಮುನಿಯಪ್ಪ ಹಬ್ಬದ ಬಟ್ಟೆಗಳ ರಾಶಿಯ ಹಿಂದೆ ಕೆಂಡ ಊದುತ್ತಿದ್ದ. ಅವನ ಚಕ್ರಗಳು ಅರ್ಧ ಮಣ್ಣಿನಲ್ಲಿ ಹೂತು, ಅವುಗಳ ಮೇಲೆ ಗರಿಕೆ ಹಬ್ಬಿತ್ತು. ಆ ಗರಿಕೆಯನ್ನೇ ಅವನ ಹೆಂಡತಿ ಮರುದಿನದ ಗಣಪತಿಗೆಂದು ಕಿತ್ತು ನಮ್ಮ ಮನೆಗೂ ಕೊಡುತ್ತಾಳೆ.

"ಇದನ್ನ ಮೊದಲೇ ಯೋಚಿಸಿದ್ಯೇನೋ?" ಎಂದೆ.

"ನೀನೇ ಹೇಳ್ಕೊಟ್ಟಿದ್ದಲ್ವಾ, ಎದುರಾಳಿ ಉತ್ತರ ಮೊದಲು ಬರ್ಕೋಬೇಕು ಅಂತ?" ಎಂದ. ಅವನ ದನಿಯಲ್ಲಿ ಗೆದ್ದ ಅಹಂಕಾರವಿರಲಿಲ್ಲ, ಪಾಠ ಒಪ್ಪಿಸಿದ ವಿನಯವಿತ್ತು. "ಒಳ್ಳೇ ಐಡಿಯಾ ಅಕ್ಕ ಅದು. ಒಂದೇ ಸಲಕ್ಕೆ ಯಾಕೆ ಬಿಡೋದು ಅನ್ನಿಸ್ತು."

ನಾಗೇಶನಿಂದ ಏನು ತೆಗೆದುಕೊಂಡೆಯೆಂದು ಕೇಳಿದೆ. ಅವನು ಅಮ್ಮನ ಮುಖ ನೋಡಿದ. ಅಮ್ಮ ಅಡಿಗೆಮನೆಯ ಕಡೆ ನೋಡಿ, ಆಫೀಸಿನ ಮಾತು ಆಫೀಸಿನಲ್ಲಿ ಎಂದಳು. ನಾನು ಗಂಡನ ವಾದವನ್ನು ನೆನಪಿಸಿಕೊಂಡು, ಕೈ ಒಂದೇ ಆದರೆ ಮನುಷ್ಯನೂ ಒಬ್ಬನೇ ಎಂದು ಹೇಳಲು ಹೊರಟೆ. ಆದರೆ ಆ ಮಾತು ಎತ್ತ ಕಡೆಗೆ ನಡೆಯುತ್ತದೆಂಬುದು ನನಗೆ ತಿಳಿದಿತ್ತು. ಕೈ ನನ್ನದು, ಪಟ್ಟು ಯಾರದು ಎಂದು ಅವನು ಕೇಳದೆ ಬಿಡುತ್ತಿರಲಿಲ್ಲ. ಅರ್ಜಿಯನ್ನು ನಾಲ್ಕಾಗಿ ಮಡಿಸಿದೆ. ಅಮ್ಮ ಮೊರವನ್ನು ಎತ್ತಿ ಮೋಹನನ ಕೈಗೆ ಮತ್ತೆ ಕೊಟ್ಟಳು. ಅವನು ಅದನ್ನು ಹಿಡಿದು ಹೊಸ್ತಿಲ ಮುಂದೆ ನಿಂತ, ಚಿಕ್ಕಂದಿನಲ್ಲಿ ಬಣ್ಣದ ಡಬ್ಬಿ ಹಿಡಿದು ನನ್ನ ವಾಕ್ಯಕ್ಕಾಗಿ ಕಾಯುತ್ತಿದ್ದಂತೆ.

ಊಟ ಮುಗಿಸಿ ಹೊರಟಾಗ ಅವನು ಕಾರನ್ನು ಹೊಂಗೆಮರದ ಹತ್ತಿರ ನಿಲ್ಲಿಸಿದ. ಮುನಿಯಪ್ಪ ಇಸ್ತ್ರಿ ಪೆಟ್ಟಿಗೆ ಬಿಟ್ಟು ಓಡಿಬಂದು ಕೈಮುಗಿದ. ಮೋಹನ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ನಗುತ್ತ ಮಾತಾಡಿ, ಬಗ್ಗಿ, ಹೂತುಹೋದ ಚಕ್ರವನ್ನು ಮುಟ್ಟಿ ನೋಡಿದ. ಹಳೆಯ ಗೆಳೆಯನ ಯೋಗಕ್ಷೇಮವೋ, ಮುಂದಿನ ಪೆಟ್ಟಿನ ಅಳತೆಯೋ, ಕಿಟಕಿಯಿಂದ ನೋಡುತ್ತಿದ್ದ ನನಗೆ ತಿಳಿಯಲಿಲ್ಲ. ಸಂಜೆ ಬಟ್ಟೆ ತಂದುಕೊಟ್ಟ ಮುನಿಯಪ್ಪನಿಗೆ ಆ ಸಂದೇಹವೇ ಇರಲಿಲ್ಲ. "ಮೋಹನಣ್ಣ ಎಷ್ಟು ದೊಡ್ಡೋರಾದ್ರೂ ಬದಲಾಗ್ಲಿಲ್ಲ ಬಿಡಿ ಟೀಚರಮ್ಮ" ಎಂದ. ಮೋಹನ ಇಬ್ಬರಲ್ಲ, ಒಬ್ಬನೇ ಎಂದು ಇಡೀ ಬಡಾವಣೆಯಲ್ಲಿ ನನ್ನ ಹಾಗೆ ನಂಬಿದವನು ಅವನೊಬ್ಬ.

ಶೆಡ್ಡು ಅಲ್ಲಿಯೇ ಇದೆ. ಸಮಿತಿಯ ಸಭೆಯಲ್ಲಿ ಯಾರೋ ಅದರ ಮಾತೆತ್ತಿದಾಗ, ವಿಷಯ ಪರಿಶೀಲನೆಯಲ್ಲಿದೆ ಎಂದು ನಾನು ಉತ್ತರಿಸಿದೆ. ಈ ವಾಕ್ಯವನ್ನು ನಾನು ಎಷ್ಟೋ ಕಚೇರಿಗಳ ಕಿಟಕಿಯಲ್ಲಿ ಕೇಳಿ ಉರಿದುಕೊಂಡಿದ್ದೇನೆ. ನನ್ನ ಬಾಯಿಂದ ಅದು ಸಲೀಸಾಗಿ ಬಂತು. ಹಿಂದಿನ ಸಾಲಿನಲ್ಲಿ ಯಾರೂ ಚಕ್ರದ ಮಾತಾಡಲಿಲ್ಲ. ಮೊನ್ನೆ ನನ್ನ ಗಂಡ ಕೊನೆಗೂ ಕರಿದೊರೆಯನ್ನು ಸೋಲಿಸಿ, ಹುಣಸೆಹಣ್ಣು ತರುವುದನ್ನು ಮರೆತು ಬಂದರು. ಕಿರೀಟ ಒಡೆಯಿತಂತೆ, ದಳಪತಿ ಎದ್ದನಂತೆ, ಹೂವು ಬಿತ್ತಂತೆ. ಸುಟ್ಟ ಊರು ಏನಾಯಿತೆಂದು ಕೇಳಿದೆ. ಅಷ್ಟಕ್ಕೆ ಆಟ ಮುಗಿಯುತ್ತದೆಂದರು. ಮತ್ತೆ ನಾಣ್ಯ ಹಾಕಿದರೆ ಊರು ಮೊದಲಿನಿಂದ ಸುಡಲು ಶುರುವಾಗುತ್ತದಂತೆ.

ಇಷ್ಟೆಲ್ಲ ತತ್ವ ಹೇಳುವವಳು ಆ ದಿನ ಮೊರವನ್ನು ಹಿಂದಕ್ಕೆ ಕಳಿಸಿದೆನೋ ಇಲ್ಲವೋ ಎಂದು ನೀವು ಕೇಳುವುದು ನ್ಯಾಯವೇ. ಆ ಪ್ರಶ್ನೆಯನ್ನು ಎದುರುಮನೆಯವರೂ ಕೇಳಿದರು. ಹೊಸ್ತಿಲಲ್ಲಿ ಸೆರಗೊಡ್ಡಿ ಬಾಗಿನವನ್ನು ತೆಗೆದುಕೊಂಡವಳು ಮೋಹನನ ಅಕ್ಕ. ಹಿತರಕ್ಷಣಾ ಸಮಿತಿಯ ಕಾರ್ಯದರ್ಶಿ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ.